ಫಾರಂ ತುಂಬಿಸುವ ಮುನ್ನ

ಆಕ್ಟಿವಿಟಿ ಪಾಯಿಂಟ್ ಲೆಕ್ಕಕ್ಕೋ, ಎನ್ನೆಸ್ಸೆಸ್ ಶಿಬಿರಕ್ಕೋ, ಉನ್ನತ ಭಾರತ ಅಭಿಯಾನದ ಹೆಸರಲ್ಲೋ ಒಂದಲ್ಲ ಒಂದು ಸಲ ಹಳ್ಳಿಗೆ ಹೋಗಿ ಮನೆಮನೆ ಸರ್ವೆ ಮಾಡಿದವರು ನಮ್ಮ ಕ್ಯಾಂಪಸ್ಸಿನಲ್ಲಿ ಬಹಳ ಮಂದಿ. ನಾವೂ ಹೋಗಿದ್ದೆವು. ಕೈಯಲ್ಲಿ ಫಾರಂ ಕಟ್ಟು, ಕೊರಳಲ್ಲಿ ಐಡಿ ಕಾರ್ಡು. "ಮನೆಗೆ ನಲ್ಲಿ ಸಂಪರ್ಕ ಇದೆಯೇ? ಹೌದು / ಇಲ್ಲ." ಹೋದ ಮನೆಯಲ್ಲೆಲ್ಲ "ಹೌದು". ಟಿಕ್ ಹಾಕಿ ಹಾಕಿ ಕೈ ಓಡುತ್ತಿತ್ತು.

ಕೊನೆಯ ಬೀದಿಯಲ್ಲಿ ಜಗಲಿ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಅದೇ ಪ್ರಶ್ನೆಗೆ ನಕ್ಕರು. "ನಲ್ಲಿ ಐತಲ್ಲ ಮಗಾ, ಅಗೋ ಅಲ್ಲೇ ಐತೆ. ನೀರು ಬರಾಕಿಲ್ಲ ಅಷ್ಟೇ." ಆಮೇಲೆ ಅವರೇ ನಮ್ಮನ್ನು ಕೇಳಿದರು: "ಹೋದ ವರ್ಸಾನೂ ನಿಮ್ಮಂಗೇ ಹುಡುಗ್ರು ಬಂದಿದ್ರು, ಬರ್ಕೊಂಡು ಹೋದ್ರು. ಅದೇನಾಯ್ತಪ್ಪ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬಂದು ವಿಚಾರಿಸಿದಾಗ ಹಿಂದಿನ ವರ್ಷದ ಫಾರಂಗಳು ಒಂದು ಬೀರುವಿನಲ್ಲಿ ದಾರ ಕಟ್ಟಿದ ಹಾಗೇ ಕೂತಿದ್ದವು.

ಅಜ್ಜಿ ನಮಗೆ ಎರಡು ಪಾಠ ಹೇಳಿದ್ದರು. ಒಂದು, ನೀವು ಕೇಳಿದ ಪ್ರಶ್ನೆ ಸರಿ ಇಲ್ಲ. ಎರಡು, ಕೇಳಿಕೊಂಡು ಹೋದವರು ತಿರುಗಿ ಬಂದು ಹೇಳಬೇಕು. ಸಮಾಜ ವಿಜ್ಞಾನದ ಸಂಶೋಧನೆ ಅಂದರೆ ದೊಡ್ಡದಾಗಿ ಈ ಎರಡೇ: ಸರಿಯಾಗಿ ಕೇಳೋದು, ಸರಿಯಾಗಿ ವಾಪಸ್ ಹೇಳೋದು. ಆಮೇಲೆ ನಾವು ಓದಿಕೊಂಡದ್ದನ್ನು, ಎಡವಿ ಕಲಿತದ್ದನ್ನು ಮುಂದೆ ಹೋಗುವವರಿಗೆ ಅನುಕೂಲವಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇವೆ.

ಮನುಷ್ಯ ಸೆನ್ಸರ್ ಅಲ್ಲ

ಲ್ಯಾಬಿನಲ್ಲಿ ಥರ್ಮಿಸ್ಟರ್‌ಗೆ ನಾವು ಯಾರು ಅಂತ ಗೊತ್ತಿಲ್ಲ. ಪ್ರೊಫೆಸರ್ ರೀಡಿಂಗ್ ತಗೊಂಡರೂ ಒಂದೇ, ಫಸ್ಟ್ ಇಯರ್ ಹುಡುಗ ತಗೊಂಡರೂ ಒಂದೇ. ಮನುಷ್ಯರು ಹಾಗಲ್ಲ. ಬಾಗಿಲಿಗೆ ಬಂದವರನ್ನು ನೋಡಿದ ಕೂಡಲೇ ಅವರ ಮನಸ್ಸಿನಲ್ಲೂ ಪ್ರಶ್ನೆ ಏಳುತ್ತವೆ. ಇವರು ಯಾರ ಕಡೆಯವರು? ಜಮೀನು ಎಷ್ಟಿದೆ ಅಂತ ಹೇಳಿದರೆ ರೇಷನ್ ಕಾರ್ಡಿಗೆ ತೊಂದರೆ ಆಗುತ್ತಾ? ಕಷ್ಟ ಜಾಸ್ತಿ ಹೇಳಿಕೊಂಡರೆ ಏನಾದರೂ ಸಿಗುತ್ತಾ? ಅವರು ಕೊಡುವ ಉತ್ತರ ಪ್ರಶ್ನೆಗೆ ಎಷ್ಟೋ, ಪ್ರಶ್ನೆ ಕೇಳಿದವರಿಗೂ ಅಷ್ಟೇ.

ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡವರು ನಮ್ಮ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್. 1948ರಲ್ಲಿ ಅವರು ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಉಳಿದರು. ಬರವಣಿಗೆಯಲ್ಲಿ ಆ ಊರಿಗೆ ಅವರು ಕೊಟ್ಟ ಹೆಸರು ರಾಂಪುರ. ಇವತ್ತು ಚುನಾವಣೆ ಬಂದಾಗ ಎಲ್ಲರ ಬಾಯಲ್ಲೂ ಕೇಳುವ 'ವೋಟ್ ಬ್ಯಾಂಕ್' ಅನ್ನೋ ಮಾತು ಆ ಊರಿನ ಬಗ್ಗೆ ಅವರು ಬರೆದ ಲೇಖನದಿಂದ ಬಂದದ್ದು. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ, ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ವರ್ಷಗಟ್ಟಲೆ ತಿದ್ದಿ ಜೋಡಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ಅವರು ಬಿಡಲಿಲ್ಲ. ನೆನಪಿನಿಂದಲೇ ಬರೆದು 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಪ್ರಕಟಿಸಿದರು. ಒಂದು ಊರನ್ನು ನೆನಪಿನಿಂದ ಬರೆಯಲು ಸಾಧ್ಯವಾದದ್ದು ಅಲ್ಲಿ ಬದುಕಿದ್ದರಿಂದ. ಎರಡು ಗಂಟೆ ನಿಂತು ಫಾರಂ ತುಂಬಿಸಿ ಬಂದಿದ್ದರೆ ಏನು ನೆನಪಿರುತ್ತಿತ್ತು?

ಆದರೆ ನಮಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಇನ್ನೊಂದು. ಅವರು ಉಳಿದದ್ದು ಊರ ಪಟೇಲರಿಗೆ ಸೇರಿದ ಜಾಗದಲ್ಲಿ. ಜಾತಿಯಲ್ಲಿ ಬ್ರಾಹ್ಮಣರು. ಹಾಗಾಗಿ ಊರನ್ನು ತಾವು ಹೆಚ್ಚಾಗಿ ಮೇಲುಜಾತಿಯವರ ಕಡೆಯಿಂದ ನೋಡಿದ್ದೇವೆ ಅನ್ನೋದನ್ನು ಅವರು ಮುಚ್ಚಿಡಲಿಲ್ಲ, ಪುಸ್ತಕದಲ್ಲೇ ಒಪ್ಪಿಕೊಂಡರು. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ 'ದೋಷದ ಮೂಲಗಳು' ಅಂತ ಬರೆಯುತ್ತೇವಲ್ಲ, ಅದೇ ಇದು. ಇಲ್ಲಿ ದೋಷದ ಮೊದಲನೇ ಮೂಲ ನಾವೇ: ಯಾರ ಜೊತೆ ಊರಿಗೆ ಹೋದೆವು, ಯಾರ ಮನೆಯಲ್ಲಿ ಕಾಫಿ ಕುಡಿದೆವು, ಯಾವ ಬೀದಿಗೆ ಹೋಗಲೇ ಇಲ್ಲ. ರಿಪೋರ್ಟಿನಲ್ಲಿ ಇದನ್ನು ಬರೆಯಲು ನಾಚಿಕೆ ಪಡಬೇಕಾಗಿಲ್ಲ.

ಎಷ್ಟು ಜನ ಅಲ್ಲ, ಯಾರು

ನಮ್ಮಲ್ಲಿ ಒಂದು ನಂಬಿಕೆ ಇದೆ: ರೆಸ್ಪಾನ್ಸ್ ಜಾಸ್ತಿ ಬಂದಷ್ಟೂ ಸರ್ವೆ ಗಟ್ಟಿ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆಯೂ ಹಾಗೇ ನಂಬಿತ್ತು. ಅಧ್ಯಕ್ಷ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಅಂತ ತಿಳಿಯಲು ಸುಮಾರು 1 ಕೋಟಿ ಜನಕ್ಕೆ ಕಾರ್ಡು ಕಳಿಸಿತು. 23 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆಯಿತು. ಗೆದ್ದದ್ದು ರೂಸ್ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಸುಮಾರು 50,000 ಜನರನ್ನಷ್ಟೇ ಕೇಳಿ ಗೆಲ್ಲುವವರ ಹೆಸರು ಸರಿಯಾಗಿ ಹೇಳಿದರು.

ತಪ್ಪಿದ್ದು ಎಲ್ಲಿ? ಪತ್ರಿಕೆ ವಿಳಾಸಗಳನ್ನು ತೆಗೆದುಕೊಂಡದ್ದು ಬಹುಪಾಲು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಇಂಥ ಪಟ್ಟಿಗಳಿಂದ. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಫೋನು, ಕಾರು ಇಟ್ಟುಕೊಂಡವರು ಉಳ್ಳವರು. ಜೊತೆಗೆ ಕಾರ್ಡು ಬಂದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಉತ್ತರಿಸಲೇ ಇಲ್ಲ. ಉತ್ತರಿಸದೆ ಸುಮ್ಮನಿದ್ದವರು ಏನು ಯೋಚಿಸುತ್ತಿದ್ದರು ಅಂತ ತಿಳಿಯುವ ದಾರಿ ಪತ್ರಿಕೆಗೆ ಇರಲಿಲ್ಲ.

ಈಗ ನಮ್ಮ ಗೂಗಲ್ ಫಾರಂ ನೆನಪಿಸಿಕೊಳ್ಳಿ. ಲಿಂಕನ್ನು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇವೆ. "ಪ್ಲೀಸ್ ಫಿಲ್ ಮಾಡ್ರೋ" ಅಂತ ಮೂರು ಸಲ ಬೇಡಿಕೊಳ್ಳುತ್ತೇವೆ. ತುಂಬುವವರು ನಮ್ಮ ಗೆಳೆಯರು ಮತ್ತು ಆ ವಿಷಯದಲ್ಲಿ ಮೊದಲೇ ಆಸಕ್ತಿ ಇದ್ದವರು. ಆಮೇಲೆ "ಇಂತಿಷ್ಟು ಶೇಕಡ ವಿದ್ಯಾರ್ಥಿಗಳ ಅಭಿಪ್ರಾಯ" ಅಂತ ಪೈ ಚಾರ್ಟ್ ಹಾಕುತ್ತೇವೆ. ಅದು ವಿದ್ಯಾರ್ಥಿಗಳ ಅಭಿಪ್ರಾಯ ಅಲ್ಲ, ಲಿಂಕ್ ಒತ್ತಿದವರ ಅಭಿಪ್ರಾಯ.

ಹಾಗಾದರೆ ಹೇಗೆ ಆರಿಸೋದು? ಪ್ರಥಮ್ ಸಂಸ್ಥೆ 2005ರಲ್ಲಿ ಶುರುಮಾಡಿದ 'ಅಸರ್' ಶಿಕ್ಷಣ ಸಮೀಕ್ಷೆಯ ವಿಧಾನ ನಾವೂ ಮಾಡಬಹುದಾದಷ್ಟು ಸರಳ. ಊರನ್ನು ನಾಲ್ಕು ಭಾಗ ಮಾಡಿಕೊಳ್ಳುತ್ತಾರೆ. ಪ್ರತಿ ಭಾಗದ ನಡುವಿನಿಂದ ಹೊರಟು, ಎಡಗೈ ಕಡೆಯ ಮನೆಗಳನ್ನು ಎಣಿಸುತ್ತಾ ಐದನೇ ಮನೆಗೊಂದರಂತೆ ಹೋಗುತ್ತಾರೆ. ಭಾಗಕ್ಕೆ 5, ಊರಿಗೆ 20 ಮನೆ. ಇಲ್ಲಿ ಮನೆ ಆರಿಸುವುದು ನಿಯಮ, ನಮ್ಮ ಅನುಕೂಲ ಅಲ್ಲ. ನೆರಳು ಇರುವ ಬೀದಿ, ಮಾತಾಡಿಸುವ ಮನೆ, ಬಸ್ ಸ್ಟ್ಯಾಂಡಿಗೆ ಹತ್ತಿರದ ಓಣಿ ಅಂತ ನಾವು ಆರಿಸಿಕೊಂಡರೆ ಊರಾಚೆಯ ಕಾಲನಿ ತಾನಾಗಿಯೇ ಬಿಟ್ಟುಹೋಗುತ್ತದೆ. ನೀರಿನ ಕಷ್ಟ ಇರೋದು ಅನೇಕ ಸಲ ಅಲ್ಲೇ.

ಮನೆ ಆರಿಸಿದ ಮೇಲೆ, ಮನೆಯೊಳಗೆ ಯಾರನ್ನು ಕೇಳುತ್ತೇವೆ ಅನ್ನೋದೂ ಅಷ್ಟೇ ಮುಖ್ಯ. ಹನ್ನೊಂದು ಗಂಟೆಗೆ ಹೋದರೆ "ಯಜಮಾನ್ರು ಇಲ್ಲ, ಸಂಜೆ ಬನ್ನಿ" ಅನ್ನುತ್ತಾರೆ. ಸಂಜೆ ಹೋದರೆ ಯಜಮಾನರೇ ಎಲ್ಲಕ್ಕೂ ಉತ್ತರ ಹೇಳುತ್ತಾರೆ. ನೀರು ಹೊರುವುದು ಮನೆಯ ಹೆಂಗಸರಾದರೆ ನೀರಿನ ಪ್ರಶ್ನೆಯನ್ನು ಅವರನ್ನೇ ಕೇಳಬೇಕು. ತಂಡದಲ್ಲಿ ಹುಡುಗಿಯರೂ ಇದ್ದರೆ ಈ ಮಾತುಕತೆ ಎಷ್ಟು ಸಲೀಸಾಗುತ್ತದೆ ಅಂತ ನಾವು ಕಣ್ಣಾರೆ ಕಂಡೆವು.

ಕೇಳುವ ಬಗೆ

ನಮ್ಮ ಹಳೆಯ ಫಾರಂ ತೆಗೆದುಕೊಂಡು ಒಂದೊಂದೇ ಪ್ರಶ್ನೆ ನೋಡುತ್ತಾ ಹೋದೆವು. ಕಂಡ ತಪ್ಪುಗಳು ಇವು.

ಒಂದು, ನಲ್ಲಿ ಬಗ್ಗೆ ಕೇಳಿ ನೀರಿನ ಬಗ್ಗೆ ತಿಳಿದುಕೊಂಡೆವು ಅಂದುಕೊಂಡದ್ದು. ವಸ್ತು ಇದೆಯಾ ಅಂತ ಕೇಳೋದಕ್ಕಿಂತ ನಿನ್ನೆ ಏನಾಯಿತು ಅಂತ ಕೇಳಬೇಕು. "ನಿನ್ನೆ ಕುಡಿಯೋ ನೀರು ಎಲ್ಲಿಂದ ತಂದ್ರಿ? ಯಾರು ತಂದ್ರು? ಎಷ್ಟು ಹೊತ್ತಾಯ್ತು?" ಈ ಮೂರು ಪ್ರಶ್ನೆ ನಮ್ಮ ಹಳೆಯ ಹತ್ತು ಪ್ರಶ್ನೆಗಿಂತ ಹೆಚ್ಚು ಹೇಳಿದವು.

ಎರಡು, ಉತ್ತರವನ್ನು ನಾವೇ ಬಾಯಿಗೆ ಇಟ್ಟದ್ದು. "ಸ್ವಚ್ಛತೆ ಮುಖ್ಯ ಅಂತ ನಿಮಗೆ ಅನ್ನಿಸುತ್ತದೆಯೇ?" ಅಂದರೆ ಇಲ್ಲ ಅಂತ ಯಾರು ಹೇಳುತ್ತಾರೆ?

ಮೂರು, ಒಂದೇ ಪ್ರಶ್ನೆಯಲ್ಲಿ ಎರಡು ಪ್ರಶ್ನೆ. "ರಸ್ತೆ ಮತ್ತು ಬಸ್ ಸೌಲಭ್ಯ ಚೆನ್ನಾಗಿದೆಯೇ?" ರಸ್ತೆ ಚೆನ್ನಾಗಿದ್ದು ಬಸ್ಸೇ ಇಲ್ಲದಿದ್ದರೆ ಎಲ್ಲಿ ಟಿಕ್ ಹಾಕೋದು?

ನಾಲ್ಕು, ಅವರ ಲೆಕ್ಕ ಬಿಟ್ಟು ನಮ್ಮ ಲೆಕ್ಕದಲ್ಲಿ ಕೇಳಿದ್ದು. "ಮಾಸಿಕ ಆದಾಯ ಎಷ್ಟು?" ಸಂಬಳ ಬರುವ ಮನೆಗೆ ಇದು ಸರಿ. ವ್ಯವಸಾಯದ ಮನೆಗೆ ಹಣ ಬರೋದು ಬೆಳೆ ಮಾರಿದಾಗ. ಈ ಬೆಳೆಗೆ ಎಷ್ಟು ಚೀಲ ಆಯಿತು, ಏನು ರೇಟಿಗೆ ಹೋಯಿತು, ಗೊಬ್ಬರ, ಕೂಲಿಗೆ ಎಷ್ಟು ಹೋಯಿತು ಅಂತ ಕೇಳಿದರೆ ಅವರೇ ಲೆಕ್ಕ ಬಿಡಿಸಿ ಹೇಳುತ್ತಾರೆ. ಜಮೀನು ಎಕರೆ, ಗುಂಟೆಯಲ್ಲಿ. ಕಾಲ "ಕಳೆದ ಆರು ತಿಂಗಳಲ್ಲಿ" ಅನ್ನೋದಕ್ಕಿಂತ "ಯುಗಾದಿಯಿಂದ ಈಚೆಗೆ" ಅಂದರೆ ನೆನಪು ಗಟ್ಟಿಯಾಗಿ ಬರುತ್ತದೆ.

ಐದು, ಇಂಗ್ಲಿಷ್ ಫಾರಂ ಹಿಡಿದು ಬಾಗಿಲಲ್ಲಿ ನಿಂತು ಒಬ್ಬೊಬ್ಬರೂ ಒಂದೊಂದು ಥರ ಕನ್ನಡ ಮಾಡಿದ್ದು. ನಾಲ್ಕು ಜನ ನಾಲ್ಕು ಪ್ರಶ್ನೆ ಕೇಳಿ, ಉತ್ತರಗಳನ್ನು ಒಂದೇ ಕಾಲಮ್ಮಿನಲ್ಲಿ ಕೂಡಿಸಿದಂತಾಯಿತು. ಕ್ಯಾಲಿಬ್ರೇಟ್ ಆಗದ ನಾಲ್ಕು ಮೀಟರಿನ ರೀಡಿಂಗ್ ಸೇರಿಸಿ ಸರಾಸರಿ ತೆಗೆದ ಹಾಗೆ. ಪ್ರಶ್ನೆಯನ್ನು ಮೊದಲೇ ಕನ್ನಡದಲ್ಲಿ ಬರೆದು, ನಾಲ್ಕೈದು ಮನೆಯಲ್ಲಿ ಕೇಳಿ ನೋಡಿ, ತಿದ್ದಿ, ಆಮೇಲೆ ಎಲ್ಲರೂ ಅದನ್ನೇ ಕೇಳಬೇಕು.

ಕಾಲುವೆ ಬಂದ ಊರು, ಬಾರದ ಊರು

"ಇಷ್ಟೆಲ್ಲ ನಮಗ್ಯಾಕೆ? ನಾವು ಎಂಜಿನಿಯರ್‌ಗಳು" ಅನ್ನುವವರಿಗೆ ಮಂಡ್ಯದ ಒಂದು ಕಥೆ.

ಕೃಷ್ಣರಾಜಸಾಗರ ಕಟ್ಟಿದ ಮೇಲೆ ಮಂಡ್ಯದ ಕಡೆ ಕಾಲುವೆ ನೀರು ಹರಿಯಿತು. ವಿಯೆನ್ನಾದಲ್ಲಿ ಹುಟ್ಟಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ 1954ರಿಂದ 1956ರವರೆಗೆ ಅಲ್ಲಿನ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಒಂದಕ್ಕೆ ನೀರಾವರಿ ಬಂದಿತ್ತು. ಇನ್ನೊಂದು ಎತ್ತರದಲ್ಲಿದ್ದದ್ದರಿಂದ ಅದರ ಹೊಲಗಳಿಗೆ ಕಾಲುವೆ ಹತ್ತಲಿಲ್ಲ. ಯಾವ ಊರು ಹೆಚ್ಚು ಬದಲಾಗಿರಬೇಕು? ನಾವೆಲ್ಲ ಹೇಳುವುದು ನೀರು ಬಂದ ಊರು ಅಂತಲೇ.

ಅವರು ಕಂಡದ್ದು ಬೇರೆ. ನೀರು ಬಂದ ಊರಿನಲ್ಲಿ ಕಬ್ಬು ಬಂತು, ದುಡ್ಡು ಬಂತು, ಆದರೆ ಬದುಕಿನ ಕ್ರಮ ಬೇಸಾಯದ ಸುತ್ತಲೇ ಉಳಿಯಿತು. ಜಮೀನುದಾರರಿಗೂ ತಲೆತಲಾಂತರದಿಂದ ಅವರ ಹೊಲದಲ್ಲಿ ದುಡಿಯುತ್ತಿದ್ದವರಿಗೂ ಇದ್ದ ಹಳೆಯ ಸಂಬಂಧ ಬಹಳಮಟ್ಟಿಗೆ ಹಾಗೇ ಮುಂದುವರಿಯಿತು. ನೀರು ಸಿಗದ ಊರಿನವರು ಸುಮ್ಮನೆ ಕೂರಲಿಲ್ಲ. ಸುತ್ತಲಿನ ನೀರಾವರಿ ತಂದ ಅವಕಾಶ ಹಿಡಿದು ಮಂಡ್ಯ ಪಟ್ಟಣದ ಕೆಲಸ, ವ್ಯಾಪಾರ, ಬೇರೆ ಊರಿನ ವ್ಯವಹಾರಕ್ಕೆ ಇಳಿದರು. ಹಳೆಯ ಸಂಬಂಧಗಳು ಸಡಿಲವಾಗಿದ್ದು ಅಲ್ಲೇ ಹೆಚ್ಚು. ಈ ಅಧ್ಯಯನ 1962ರಲ್ಲಿ ಪುಸ್ತಕವಾಯಿತು. 1970ರಲ್ಲಿ ಅವರು ಮತ್ತೆ ಅದೇ ಊರುಗಳಿಗೆ ಬಂದರು, ಏನಾಗಿದೆ ಅಂತ ನೋಡಲು.

ಕಾಲುವೆಯ ಡಿಸ್ಚಾರ್ಜ್ ಎಷ್ಟು ಅಂತ ನಮ್ಮ ಸಿವಿಲ್ ಗೆಳೆಯರು ಲೆಕ್ಕ ಹಾಕಿ ಹೇಳಬಲ್ಲರು. ಆ ನೀರು ಊರಿಗೆ ಏನು ಮಾಡಿತು ಅನ್ನೋದು ಊರಲ್ಲಿ ಇದ್ದು, ಎರಡು ಊರು ಹೋಲಿಸಿ, ಮತ್ತೆ ಬಂದು ನೋಡಿದರಷ್ಟೇ ತಿಳಿಯುತ್ತದೆ. ಇನ್ನೊಂದು ಗಮನಿಸಿ. ಎಪ್‌ಸ್ಟೈನ್ ತಮ್ಮ ಪುಸ್ತಕದಲ್ಲಿ ಆ ಊರುಗಳನ್ನು ವಂಗಲ, ದಲೇನ ಅಂತ ಕರೆದರು. ಎರಡೂ ಇಟ್ಟುಕೊಂಡ ಹೆಸರುಗಳು. ನಂಬಿ ಮಾತಾಡಿದವರಿಗೆ ಆ ಮಾತಿನಿಂದ ತೊಂದರೆ ಆಗಬಾರದು ಅನ್ನುವ ಎಚ್ಚರ ಇದು. ನಾವಾದರೆ ಊರಿನ ಹೆಸರು, ಮನೆ ನಂಬರು, ಯಜಮಾನರ ಫೋಟೊ ಎಲ್ಲ ಸೇರಿಸಿ ಇನ್‌ಸ್ಟಾದಲ್ಲಿ ಹಾಕಿಬಿಡುತ್ತೇವೆ.

ತರಗತಿಯೂ ಒಂದು ಊರೇ

ಸಂಶೋಧನೆಗೆ ಹಳ್ಳಿಗೇ ಹೋಗಬೇಕಾಗಿಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲಿ ಏನು ಕಷ್ಟ ಆಗುತ್ತದೆ ಅಂತ ತಿಳಿಯಲು ನಮ್ಮ ಬಳಗ ಒಮ್ಮೆ ಹೊರಟಿತು. ಮೇಷ್ಟ್ರ ಅನುಮತಿ ತಗೊಂಡು ಕ್ಲಾಸಿನಲ್ಲೇ ಕೇಳಿದೆವು: "ಯಾರಿಗೆ ಇಂಗ್ಲಿಷಿನಲ್ಲಿ ಪಾಠ ಅರ್ಥ ಆಗಲ್ಲ, ಕೈ ಎತ್ತಿ." ಒಂದು ಕೈಯೂ ಏಳಲಿಲ್ಲ. ಕಷ್ಟ ಯಾರಿಗೂ ಇಲ್ಲ ಅಂತ ಬರೆದುಕೊಂಡು ಬರಬಹುದಿತ್ತು. ಆದರೆ ಹಾಗೆ ಕೈ ಎತ್ತದವರಲ್ಲಿ ನಮ್ಮಲ್ಲೇ ಕೆಲವರು ಒಂದು ಕಾಲಕ್ಕೆ ಕೂತಿದ್ದವರು. ಮುಂದೆ ಮೇಷ್ಟ್ರು, ಪಕ್ಕದಲ್ಲಿ ಹೊಸ ಗೆಳೆಯರು. ಅಲ್ಲಿ ಕೈ ಎತ್ತೋದು ಅಂದರೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹಣೆಪಟ್ಟಿ ಅಂಟಿಸಿಕೊಂಡ ಹಾಗೆ.

ಆಮೇಲೆ ಹೆಸರಿಲ್ಲದ ಚೀಟಿ ಕೊಟ್ಟೆವು. "ಈ ವಾರ ಯಾವ ಪದ, ಯಾವ ವಾಕ್ಯದ ಹತ್ತಿರ ಪಾಠ ಕೈತಪ್ಪಿತು? ಆಗ ಏನು ಮಾಡಿದಿರಿ?" ಚೀಟಿಗಳು ತುಂಬಿ ಬಂದವು. ನಾವು ಅಂದುಕೊಂಡಿದ್ದಂತೆ ದೊಡ್ಡ ತಾಂತ್ರಿಕ ಪದಗಳ ಬಗ್ಗೆ ದೂರು ಕಡಿಮೆ. ಆ ಪದ ಎಲ್ಲರಿಗೂ ಹೊಸದು, ಬೋರ್ಡ್ ಮೇಲೂ ಬರೆಯುತ್ತಾರೆ. ತೊಡಕಾದದ್ದು ಬೋರ್ಡ್ ಮೇಲೆ ಬಾರದ ನಡುವಿನ ಮಾತು: ಯಾಕೆ ಹೀಗೆ ಮಾಡಿದೆವು ಅಂತ ಬಾಯಲ್ಲೇ ಬೇಗ ಹೇಳಿ ಮುಗಿಸುವ ವಾಕ್ಯಗಳು. ಅದೇ ಕ್ಲಾಸು, ಅದೇ ಜನ. ಕೇಳಿದ ರೀತಿ ಬದಲಾದ ಮೇಲೆ ಉತ್ತರ ಬಂತು.

ಅಸರ್ ಸಮೀಕ್ಷೆ ಮಕ್ಕಳ ಓದನ್ನು ಅಳೆಯುವುದು ಶಾಲೆಯಲ್ಲಿ ಅಲ್ಲ, ಮನೆಯಲ್ಲಿ. ಶಾಲೆಗೆ ಹೋದರೆ ಸಿಗುವುದು ಅಂದು ಹಾಜರಿದ್ದವರು ಮಾತ್ರ. ಶಾಲೆ ಬಿಟ್ಟವರು, ಅವತ್ತು ಬಾರದವರು, ಬೇರೆ ಶಾಲೆಗೆ ಹೋಗುವವರು ಲೆಕ್ಕದಿಂದ ಜಾರುತ್ತಾರೆ. ಮಗುವನ್ನು ಒಂದೊಂದಾಗಿ ಕೂರಿಸಿಕೊಂಡು, ಅದರ ಭಾಷೆಯಲ್ಲೇ, ಒಂದನೇ ತರಗತಿ ಮಟ್ಟದ ಪುಟ್ಟ ಪ್ಯಾರಾ ಓದಿಸುತ್ತಾರೆ. ಓದಿದರೆ ಎರಡನೇ ತರಗತಿ ಮಟ್ಟದ ಕಥೆ. ಆಗದಿದ್ದರೆ ಪದ. ಅದೂ ಆಗದಿದ್ದರೆ ಅಕ್ಷರ.

ಒಪ್ಪಿಗೆ ಅಂದರೆ ಸಹಿ ಅಲ್ಲ

ಅಮೆರಿಕದ ಟಸ್ಕಿಗಿಯಲ್ಲಿ 1932ರಿಂದ 1972ರವರೆಗೆ ಅಲ್ಲಿನ ಸರ್ಕಾರಿ ಆರೋಗ್ಯ ಇಲಾಖೆ ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಜನಾಂಗದ ಗಂಡಸರನ್ನು, ರೋಗದ ನಿಜ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡದೆ, ಬರೀ ನೋಡುತ್ತಾ ಕೂತಿತು. ವಿಷಯ ಹೊರಬಿದ್ದ ಮೇಲೆ ಎದ್ದ ಆಕ್ರೋಶದಿಂದಲೇ 1979ರ ಬೆಲ್ಮಾಂಟ್ ವರದಿ ಬಂತು. ಅದು ಹೇಳುವ ತತ್ವ ಮೂರು: ಮನುಷ್ಯರನ್ನು ಗೌರವಿಸಿ, ಒಳ್ಳೆಯದನ್ನು ಮಾಡಿ, ನ್ಯಾಯವಾಗಿ ನಡೆದುಕೊಳ್ಳಿ.

ನಮ್ಮ ಸಣ್ಣ ಸರ್ವೆಗೂ ಇದು ಅನ್ವಯಿಸುತ್ತದೆ. ಬಾಗಿಲಲ್ಲಿ ನಿಂತು ಹೇಳಬೇಕಾದದ್ದು ಇಷ್ಟು: "ನಾವು ಇಂಥ ಕಾಲೇಜಿನವರು. ಸರ್ಕಾರದವರಲ್ಲ. ಇದರಿಂದ ಸೌಲಭ್ಯ ಕೊಡಿಸ್ತೀವಿ ಅಂತ ಹೇಳೋಕಾಗಲ್ಲ. ಅರ್ಧ ಗಂಟೆ ಆಗುತ್ತೆ. ಬೇಡ ಅನ್ನಿಸಿದ ಪ್ರಶ್ನೆ ಬಿಡಬಹುದು, ನಡುವೆ ಸಾಕು ಅನ್ನಬಹುದು. ನಿಮ್ಮ ಹೆಸರು ಎಲ್ಲೂ ಬರಲ್ಲ." ಇಷ್ಟು ಹೇಳಿದ ಮೇಲೂ "ಬೇಡಪ್ಪ" ಅಂದರೆ ಕೈಮುಗಿದು ಮುಂದಿನ ಮನೆಗೆ ಹೋಗೋದು. ಮಕ್ಕಳನ್ನು ಕೇಳುವ ಮುಂಚೆ ಅಪ್ಪ ಅಮ್ಮನ ಒಪ್ಪಿಗೆಯೂ ಬೇಕು, ಮಗುವಿನ ಮನಸ್ಸೂ ಬೇಕು. ಕ್ಲಾಸಿನಲ್ಲಿ "ಇಂಟರ್ನಲ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ" ಅಂತ ಬಾಯಿಬಿಟ್ಟು ಹೇಳಬೇಕು.

ವಾಪಸ್ ಹೇಳೋದು

ಅಸರ್ ವರದಿಗಳು ಸುದ್ದಿಯಾಗಲು ಒಂದು ಕಾರಣ ಅವುಗಳ ಭಾಷೆ. 'ಕಲಿಕಾ ಸೂಚ್ಯಂಕ' ಅಂತ ಅಂಕಿ ಕೊಟ್ಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಳ್ಳಿಗಾಡಿನ ಐದನೇ ತರಗತಿ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೇ ತರಗತಿಯ ಪಾಠ ಓದಲು ಬರುತ್ತಿಲ್ಲ ಅಂದಾಗ, ಶಾಲೆಗೆ ಹೋಗದ ತಾಯಿಗೂ ಅರ್ಥವಾಗುತ್ತದೆ.

ಹೇಳುವಾಗ ಲೆಕ್ಕವೂ ಪ್ರಾಮಾಣಿಕವಾಗಿರಬೇಕು. ಹತ್ತು ಮನೆಯಲ್ಲಿ ಒಂಬತ್ತಕ್ಕೆ ತಲಾ 20 ಗುಂಟೆ, ಒಂದಕ್ಕೆ 15 ಎಕರೆ 20 ಗುಂಟೆ ಇದೆ ಅಂದುಕೊಳ್ಳಿ. ಸರಾಸರಿ ತೆಗೆದರೆ ಮನೆಗೆ 2 ಎಕರೆ. ಆ ಬೀದಿಯಲ್ಲಿ 2 ಎಕರೆ ಇರುವ ಮನೆ ಒಂದೂ ಇಲ್ಲ! ಅಂಥ ಕಡೆ ಸರಾಸರಿ ಬಿಟ್ಟು "ಹತ್ತರಲ್ಲಿ ಒಂಬತ್ತು ಮನೆಗೆ ಅರ್ಧ ಎಕರೆ" ಅಂತ ಹೇಳಿ. ಹಾಗೇ ಒಂಬತ್ತು ಜನರನ್ನು ಕೇಳಿ "ಶೇ. 66.67" ಅಂತ ಬರೆಯಬೇಡಿ. "ಒಂಬತ್ತರಲ್ಲಿ ಆರು ಜನ" ಅಂದರೆ ಸಾಕು, ಎಷ್ಟು ಜನರನ್ನು ಕೇಳಿದೆವು ಅನ್ನೋದೂ ತಿಳಿಯುತ್ತದೆ.

ತಿದ್ದಿದ ಫಾರಂ ಹಿಡಿದು ನಾವು ಆ ಊರಿಗೆ ಮತ್ತೆ ಹೋದೆವು. ಬಂದ ಉತ್ತರಗಳನ್ನು ಒಂದು ದೊಡ್ಡ ಹಾಳೆಯಲ್ಲಿ ಊರಿನ ನಕ್ಷೆಯಾಗಿ ಬರೆದು, ನೀರು ತರಲು ಬೀದಿಬೀದಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಬಣ್ಣದಲ್ಲಿ ತೋರಿಸಿ, ಒಂದು ಭಾನುವಾರ ಅರಳಿಕಟ್ಟೆಯ ಮೇಲೆ ಹರಡಿದೆವು. ಹತ್ತು ನಿಮಿಷದಲ್ಲಿ ಜನ ನಮ್ಮ ನಕ್ಷೆಯನ್ನೇ ತಿದ್ದಿದರು. ನಾವು ಬಿಟ್ಟಿದ್ದ ಒಂದು ಓಣಿ ಸೇರಿಸಿದರು. ಊರಿನ ನೀರುಗಂಟಿ ಬಂದು, ಕೊನೆಯ ಬೀದಿ ದಿಬ್ಬದ ಮೇಲಿದೆ, ಕೆಳಗಿನ ಮನೆಗಳವರು ನೀರು ಹಿಡಿಯುತ್ತಿರುವಷ್ಟು ಹೊತ್ತು ಅಲ್ಲಿಗೆ ಏರುವುದಿಲ್ಲ ಅಂತ ವಿವರಿಸಿದರು. ನಮ್ಮ ಫಾರಂನ ಯಾವ ಕಾಲಮ್ಮಿನಲ್ಲೂ ಇದು ಸಿಕ್ಕಿರಲಿಲ್ಲ. ವಾಪಸ್ ಹೇಳುವುದು ಉಪಕಾರ ಅಲ್ಲ, ಅದೂ ಸಂಶೋಧನೆಯ ಒಂದು ಹಂತ ಅಂತ ಅರ್ಥವಾದದ್ದು ಅಲ್ಲಿ.

ಒಂದೇ ಪುಟದ ಕನ್ನಡ ಟಿಪ್ಪಣಿ ಮಾಡಿ ಪಂಚಾಯ್ತಿಗೆ ಕೊಟ್ಟೆವು, ಗ್ರಾಮಸಭೆಯಲ್ಲಿ ಓದಲಿ ಅಂತ. ಒಂದು ಪ್ರತಿ ಅಜ್ಜಿಗೂ ಕೊಟ್ಟೆವು. ಅವರು ಮೊಮ್ಮಗಳ ಕೈಲಿ ಓದಿಸಿ ಕೇಳಿ, "ಇದು ನಾವು ಹೇಳಿದ್ದೇ" ಅಂದರು. ಇದನ್ನು ಬರೆಯುವ ಹೊತ್ತಿಗೆ ಆ ಬೀದಿಗೆ ನೀರು ಬಂದಿಲ್ಲ. ಸರ್ವೆಯಿಂದ ನೀರು ಬರುತ್ತದೆ ಅಂತ ನಾವು ಹೇಳಿಯೂ ಇರಲಿಲ್ಲ. ಆದರೆ ಮುಂದಿನ ಸಭೆಯಲ್ಲಿ ಕೇಳಲು ಅವರ ಕೈಯಲ್ಲಿ ಒಂದು ಹಾಳೆ ಇದೆ.

ಮುಂದಿನ ಸೆಮಿಸ್ಟರಿನಲ್ಲಿ ಹೊರಡುವವರು ಫಾರಂ ಪ್ರಿಂಟ್ ತೆಗೆಸುವ ಮುಂಚೆ ವಾಪಸ್ ಹೋಗುವ ತಾರೀಕು ಗೊತ್ತುಮಾಡಿಕೊಳ್ಳಿ. ಹಳೆಯ ಫಾರಂ ಬೇಕಿದ್ದರೆ ನಮ್ಮ ಬಳಗದಲ್ಲಿ ಕೇಳಿ. ಬೀರುವಿನಿಂದ ಆಚೆ ತೆಗೆದಿದ್ದೇವೆ.